ಸೋಮವಾರದ ನೀರು

೧೯೫೭ರ ಆಗಸ್ಟ್ ತಿಂಗಳ ಎರಡನೆಯ ಸೋಮವಾರ ಬೆಳಿಗ್ಗೆ ಎಂಟಕ್ಕೆ ಕೊಣ್ಣೂರಿನಲ್ಲಿ ಮಲಪ್ರಭೆಯ ನೀರು ಅಳತೆಗಂಬದ ಹದಿಮೂರನೆಯ ಅಡಿ ಮುಟ್ಟಿತ್ತು. ನಾನೇ ನಿಂತು ನೋಡಿದೆ. ಮರುದಿನ ಅಳತೆ ಬರೆದಿಡುವ ವಹಿ ತೆರೆದರೆ ಆ ಸೋಮವಾರದ ಮುಂದೆ ಒಂಬತ್ತು ಅಡಿ ಎಂದು ಬರೆದಿತ್ತು.

ಆಗ ನಾನು ನರಗುಂದದ ಒಂದು ಸಣ್ಣ ಸರ್ವೆ ಕಚೇರಿಯಲ್ಲಿದ್ದೆ. ನನ್ನ ಹುದ್ದೆಯ ಹೆಸರು ಕಂಪ್ಯೂಟರ್. ಆ ಕಾಲಕ್ಕೆ ಅದು ಯಂತ್ರವಲ್ಲ, ಕುಳಿತು ಲೆಕ್ಕ ಮಾಡುವ ಮನುಷ್ಯ. ಘಟ್ಟದ ಕಾಡಿನಲ್ಲಿ ಬಿದ್ದ ಮಳೆಯ ಅಂಕಿ ನಮಗೆ ತಂತಿಯಲ್ಲಿ ಬರುತ್ತಿತ್ತು. ಆ ಮಳೆಯನ್ನು ಕಾಡು ಎಷ್ಟು ಹೊತ್ತು ತಡೆದು ಬಿಡುತ್ತದೆ, ಎರಡು ದಿನದ ಮೇಲೆ ಕೊಣ್ಣೂರಿನಲ್ಲಿ ಹೊಳೆ ಎಷ್ಟು ಅಡಿ ಏರುತ್ತದೆ ಎಂದು ಲೆಕ್ಕ ಹಾಕುವ ಒಂದು ತಖ್ತೆ, ಅಂದರೆ ಮನೆಮನೆಯಾಗಿ ಗೆರೆ ಎಳೆದ ಕೋಷ್ಟಕ, ನಮ್ಮಲ್ಲಿತ್ತು. ಹೊರದೇಶದ ಪುಸ್ತಕದಿಂದ ಇಳಿಸಿಕೊಂಡದ್ದು. ಅದರಲ್ಲಿ ಕರಗಿದ ಹಿಮಕ್ಕೂ ಒಂದು ಮನೆ ಇತ್ತು. ಯಾವ ಮನೆಯನ್ನೂ ಖಾಲಿ ಬಿಡುವಂತಿರಲಿಲ್ಲ. ದಿನವೂ ಸೊನ್ನೆ ಬರೆಯುತ್ತಿದ್ದೆ.

"ನಿಮ್ಮ ಹಿಮಾ ಇವತ್ತರ ಕರಗೇತೇನ್ರಿ?" ಎಂದು ಕಚೇರಿಯ ಸಿಪಾಯಿ ಕೇಳುತ್ತಿದ್ದ.

ಮಳೆಗಾಲ ಮುಗಿಯುವಷ್ಟರಲ್ಲಿ ತಖ್ತೆಯ ಲೆಕ್ಕ ಹೊಳೆಯ ಅಳತೆಗೆ ಹೊಂದಿದರೆ, ಮುಂದಿನ ವರ್ಷದಿಂದ ನೀರು ಏರುವ ಮುನ್ನಾದಿನವೇ ಕೊಣ್ಣೂರಿಗೆ ಎಚ್ಚರಿಕೆಯ ತಂತಿ ಕೊಡಬೇಕೆಂದಿತ್ತು. ಹೊಂದದಿದ್ದರೆ ತಖ್ತೆ ಕಪಾಟಿಗೆ.

ಹೊಂದಲಿಲ್ಲ. ಜೂನ್‌ನಲ್ಲಿ ನೀರು ಲೆಕ್ಕಕ್ಕಿಂತ ಒಂದು ದಿನ ತಡವಾಗಿ ಏರಿತು. ಕಾಡು ಹೆಚ್ಚು ಹೊತ್ತು ತಡೆಯುತ್ತಿರಬೇಕೆಂದು ಕಾಡಿನ ಅಂಕಿ ಏರಿಸಿದೆ. ಜುಲೈಯಲ್ಲಿ ಒಂದು ಗುರುವಾರ ಲೆಕ್ಕಕ್ಕಿಂತ ಮೊದಲೇ ಬಂತು. ಇಳಿಸಿದೆ. ಮತ್ತೆ ತಡ, ಮತ್ತೆ ಏರಿಸಿದೆ. ಉಜ್ಜಿ ಉಜ್ಜಿ ಆ ಮನೆಯಲ್ಲಿ ಕಾಗದವೇ ತೂತಾಯಿತು. ಕಡೆಗೆ ರೇಗಿ, ಯಾರಿಗೂ ತಿಳಿಸದೆ ಆ ಸೋಮವಾರ ಮೊದಲ ಬಸ್ಸಿಗೆ ಕೊಣ್ಣೂರಿಗೆ ಹೋದೆ. ನೀರಿನ ಅಳತೆ ಬರೆಯಲು ದಿನವೂ ಹೊರಗಿನ ಹಳ್ಳಿಯಿಂದ ಬರಬೇಕಿದ್ದ ರೈತ ಬರಲೇ ಇಲ್ಲ. ಚಾವಡಿಯಲ್ಲಿ ಉಳಿದೆ. ಮಂಗಳವಾರ ಅವನ ಬಂಡಿ ಬಂತು.

"ನಿನ್ನಿ ಯಾಕ ಬರಲಿಲ್ಲ?"

"ನಿನ್ನಿ ಸೋಮಾರಲ್ರಿ. ಸೋಮಾರ ಎತ್ತ ಹೂಡೂದಿಲ್ಲ. ಅದು ಬಸವಣ್ಣನ ದಿನಾ."

"ನಡಕೊಂತ ಬರಬೇಕಿತ್ತು."

"ಮೂರ ಮೈಲಿ, ಈ ಎರಿಮಣ್ಣಿನ ರಾಡ್ಯಾಗ? ನೀವ ಒಂದೀಟ ನಡದ ತೋರಸ್ರಿ. ಚಪ್ಪಲಿ ಉಳದ್ರ ನಂದೂ ಜೋಡ ನಿಮಗ ಕೊಡತೀನಿ."

"ಮತ್ತ ಈ ಒಂಬತ್ತ ಅಡಿ ಎಲ್ಲಿಂದ ಬಂತು?"

"ಐತವಾರದ್ದ ಬರದೇನ್ರಿ. ಮನಿ ಖಾಲಿ ಬಿಟ್ರ ನಿಮ್ಮ ಸಾಹೇಬ್ರು ಕೆಂಪು ಶಾಯಿ ಹಾಕ್ತಾರ. ಯಾವೂರಾವ್ರ ನೀವು?"

"ನರೇಗಲ್ಲ."

"ನಿಮ್ಮ ಅಪ್ಪಾರು ಸೋಮಾರ ಹೂಡತಿದ್ರೇನು?"

ಹೂಡುತ್ತಿರಲಿಲ್ಲ. ನಮ್ಮದೂ ಒಕ್ಕಲುತನದ ಮನೆ. ಆ ದಿನ ನಮ್ಮ ಎತ್ತುಗಳ ಮೈ ತೊಳೆದು ಕಟ್ಟುತ್ತಿದ್ದುದನ್ನು ನೋಡುತ್ತಲೇ ಬೆಳೆದವನು ನಾನು. ಆದರೆ ಮೂರು ತಿಂಗಳೂ ಹಾಳೆಯ ಮೇಲೆ ತಾರೀಖು ಬರೆದಿದ್ದೆ, ವಾರ ಬರೆದಿರಲಿಲ್ಲ.

ಕಚೇರಿಗೆ ಮರಳಿ ಕ್ಯಾಲೆಂಡರ್ ಪಕ್ಕದಲ್ಲಿಟ್ಟು ನೋಡಿದೆ. ತಡವೆಂದು ನಾನು ಗುರುತು ಹಾಕಿದ್ದ ಏರಿಕೆಗಳೆಲ್ಲ ಸೋಮವಾರದವು; ವಹಿಯಲ್ಲಿ ಅವು ಮಂಗಳವಾರ ಕಾಣಿಸಿದ್ದವು. ಸೋಮವಾರಗಳನ್ನು ಬಿಟ್ಟು, ಕಾಡಿನ ಮೊದಲಿನ ಅಂಕಿಯನ್ನೇ ಹಾಕಿ ಹೊಸದಾಗಿ ಲೆಕ್ಕ ಮಾಡಿದೆ. ಉಳಿದ ದಿನಗಳು ಅರ್ಧ ಅಡಿಯ ಒಳಗೆ ಹೊಂದಿದವು. ಮೂರು ತಿಂಗಳ ಕೆಲಸವನ್ನು ಎಂಟು ದಿನದಲ್ಲಿ ಎರಡನೆಯ ಸಲ ಮಾಡಿದ್ದೆ.

ಅಕ್ಟೋಬರ್‌ನಲ್ಲಿ ಮೇಲಿನ ಅಧಿಕಾರಿ ಬಂದರು. ಹಾಳೆಗಳನ್ನು ಪೂರ್ತಿ ನೋಡಿದರು.

"ಹೊಂದಲಾರದ ದಿನಾ ತಗದ ಹಾಕಿದ್ರ ಯಾವ ತಖ್ತೆನೂ ಪಾಸ್ ಆಗ್ತದ," ಎಂದರು.

"ಸಾಹೇಬ್ರ, ಆ ದಿನಾ ಅಳತೀನ ಆಗಿಲ್ರಿ."

"ವಹಿಯೊಳಗ ಅಂಕಿ ಅದಾವಲ್ಲ. ಸರ್ಕಾರಿ ವಹಿ ಸುಳ್ಳು ಅಂತ ನೀವು ಬರದು ಸಹಿ ಮಾಡ್ತೀರೇನು?"

ಬರೆದು ಸಹಿ ಮಾಡಿದೆ. ಸೋಮವಾರಗಳಿಗೆ ಕೊಣ್ಣೂರಿನೊಳಗಿನವರೇ ಒಬ್ಬರನ್ನು ನೇಮಿಸಿ, ಇನ್ನೊಂದು ಮಳೆಗಾಲ ಪರೀಕ್ಷಿಸಬೇಕೆಂದೂ ಅದೇ ಪತ್ರದಲ್ಲಿ ಕೇಳಿದೆ. ಉತ್ತರ ಬರಲಿಲ್ಲ. ಎರಡು ಸಲ ನೆನಪೋಲೆ ಕಳಿಸಿದೆ.

೧೯೫೯ರ ಜುಲೈಯಲ್ಲಿ ನನಗೆ ರೋಣಕ್ಕೆ ವರ್ಗವಾಯಿತು. ಅಲ್ಲಿಯವರೆಗೆ ಕೊಣ್ಣೂರಿಗೆ ಎಚ್ಚರಿಕೆಯ ತಂತಿ ಒಂದೂ ಹೋಗಿರಲಿಲ್ಲ.