ತವರಿಗೆ ಬಾರದ ಬಾಣಂತಿ

ಕುಡಿಯದಿದ್ದಾಗ, ಸೇಲಂನ ನೇಕಾರರ ಬೀದಿಯಲ್ಲಿ ಸಿದ್ದಲಕ್ಷ್ಮಮ್ಮನಷ್ಟು ಸಣ್ಣ ದನಿಯ ಹೆಂಗಸು ಇನ್ನೊಬ್ಬಳಿರಲಿಲ್ಲ. ಮಗಳು ರಾಜಾತಿ ಹುಟ್ಟಿದ ವಾರ, ಬಾಣಂತಿಯ ಮೈನೋವಿಗೆಂದು ಸೂಲಗಿತ್ತಿ ಎರಡು ಗುಟುಕು ಸಾರಾಯಿ ಕುಡಿಸಿದ್ದಳು. ಬೀದಿಯ ಎಲ್ಲ ಬಾಣಂತಿಯರೂ ಹಾಗೆ ಕುಡಿದವರೇ. ಮಿಕ್ಕವರು ಹದಿನೈದು ದಿನಕ್ಕೆ ಬಿಟ್ಟರು, ಇವಳಿಗೆ ಬಿಡಲಾಗಲಿಲ್ಲ.

ಗಂಡ ಶಿವಲಿಂಗಂ ಕುಡಿದರೆ ಮಗ್ಗದ ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದ್ದ. ಇವಳು ಕುಡಿದರೆ ಕೈಗೆ ಸಿಕ್ಕಿದ್ದನ್ನು ಬೀಸುತ್ತಿದ್ದಳು. ಗಂಡಸರು ಕುಡಿದು ದಿನಾ ಹೆಂಡಿರಿಗೆ ಬಡಿದರೂ ತುಟಿ ಬಿಚ್ಚದ ಬೀದಿ, ಇವಳ ಹೆಸರನ್ನು ಮಾತ್ರ ಊರೆಲ್ಲ ಆಡಿಕೊಂಡಿತು. ನ್ಯಾಯವೇನೂ ಅಲ್ಲ. ಆದರೆ ಏಟು ತಿಂದ ಮಗುವಿಗೆ ಆ ನ್ಯಾಯ ಕಟ್ಟಿಕೊಂಡು ಏನಾಗಬೇಕು? ರಾಜಾತಿಗೆ ಏಳು ವರ್ಷವಿದ್ದಾಗ, ನೂಲಿನ ಕಂಡಿಕೆ ಸುತ್ತುವುದು ತಡವಾಯಿತೆಂದು ಕುಡಿದಿದ್ದ ತಾಯಿ ಮಗ್ಗದ ಲಾಳಿಯನ್ನೇ ಅವಳತ್ತ ಎಸೆದಳು. ಅದರ ಕಬ್ಬಿಣದ ಮೊನೆ ಹುಬ್ಬನ್ನು ಸೀಳಿತು. ಅಂದಿನಿಂದ ಹುಡುಗಿ ತಾಯಿಯ ಹತ್ತಿರ ಬರುವ ಮೊದಲು, "ಅಮ್ಮಾ, ಬಾಯಿ ಊದು," ಎಂದು ಸಾರಾಯಿಯ ವಾಸನೆ ನೋಡುತ್ತಿದ್ದಳು.

೧೯೩೭ರಲ್ಲಿ ಸರ್ಕಾರ ಜಿಲ್ಲೆಯ ಸಾರಾಯಿ ಅಂಗಡಿಗಳನ್ನೆಲ್ಲ ಮುಚ್ಚಿಸಿತು. ಸಿದ್ದಲಕ್ಷ್ಮಮ್ಮ ಒಂದು ತಿಂಗಳು ನಡುಗಿ, ಬೆವೆತು, ಹೇಗೋ ಬದುಕಿಕೊಂಡಳು. ಕದ್ದು ಮಾರುವವರಿದ್ದರು, ಅವರತ್ತ ತಿರುಗಿಯೂ ನೋಡಲಿಲ್ಲ. ಮಾರನೇ ವರ್ಷ, ಎಡಪ್ಪಾಡಿಗೆ ಕೊಟ್ಟಿದ್ದ ರಾಜಾತಿ ಬಸುರಿಯೆಂದು ತಿಳಿದಾಗ, ಹಳೆಯ ಸೀರೆ ಒಗೆದು ಜೋಲಿ ಕಟ್ಟಿಟ್ಟು, ಏಳನೇ ತಿಂಗಳಲ್ಲಿ ಕರೆಯಲು ಹೋದಳು.

"ಮೊದಲ್ನೇ ಎರಿಗೆ ತವರ್ನಾಗೇ ಆಗ್ಬೇಕು ಕಣವ್ವಾ. ಬಾ, ಓಗಾಣ."

ರಾಜಾತಿ ಹುಬ್ಬಿನ ಗಾಯದ ಮೇಲೆ ಬೆರಳಾಡಿಸುತ್ತ, "ವೇಂಡಾಂ ಅಮ್ಮಾ, ಬ್ಯಾಡ. ಇಲ್ಲೇ ನಮ್ಮತ್ತೆ ಅವ್ರೆ ಅಲ್ವಾ," ಎಂದಳು.

ತವರಿದ್ದೂ ಮಗಳು ಗಂಡನ ಮನೆಯಲ್ಲಿ ಹೆತ್ತಳು. ಬೀದಿಯವರ ಮಾತನ್ನು ಸಿದ್ದಲಕ್ಷ್ಮಮ್ಮ ಹೇಗೋ ನುಂಗಿಕೊಂಡಳು. ಮನೆಯಲ್ಲಿ ಖಾಲಿ ತೂಗುತ್ತಿದ್ದ ಜೋಲಿ ನೋಡಿ ಎದೆಯೊಡೆದು ಅತ್ತಳು. ಹನ್ನೊಂದನೇ ದಿನ ಎಡಪ್ಪಾಡಿಗೆ ಹೋಗಿ, ಯಾರೂ ಕೇಳುವ ಮೊದಲೇ, ಹೊಸಿಲಲ್ಲಿ ನಿಂತು ಮಗಳ ಮುಖದೆದುರು ಬಾಯಿ ಊದಿದಳು.

"ನೋಡವ್ವಾ, ಏನೂ ಇಲ್ಲ. ಬಿಟ್ಟು ಒಂದೊರ್ಸ ಆಯ್ತು."

ರಾಜಾತಿಯ ಕಣ್ಣು ತುಂಬಿತು. "ಗೊತ್ತಮ್ಮಾ," ಎಂದು ಕೂಸನ್ನು ತಾಯಿಯ ತೋಳಿನಲ್ಲಿಟ್ಟಳು. ಹೆಣ್ಣು ಕೂಸು. ಸಿದ್ದಲಕ್ಷ್ಮಮ್ಮ ಅದನ್ನು ಎದೆಗೊತ್ತಿಕೊಳ್ಳಲು ಹೋದಳು, ಆಗಲಿಲ್ಲ. ಕೂಸಿನ ಕೆಳಗೆ ರಾಜಾತಿಯ ಎರಡು ಕೈಗಳೂ ಇನ್ನೂ ಹಾಗೇ ಇದ್ದವು.