ಸ್ವಿಚ್ಚಿಲ್ಲದ ದೀಪ

ಉರ್ವದ ಮೋಹನದಾಸನಿಗೆ ಕ್ಯಾರವಾನಿನ ಕರೆಂಟ್ ಕೆಲಸ ಎಂದರೆ ನೀರು ಕುಡಿದಷ್ಟು ಸಲೀಸು. ಗಲ್ಫಿನಲ್ಲಿ ಯೌವನವನ್ನೆಲ್ಲ ಸವೆಸಿದ್ದು ಅದರಲ್ಲೇ. ಕಾರಿನ ಹಿಂದೆ ಕಟ್ಟಿಕೊಂಡು ಮರುಭೂಮಿಗೆ ಮೋಜಿಗೆ ಹೋಗುತ್ತಾರಲ್ಲ, ಆ ಗಾಲಿಮನೆಗಳಿಗೆ ವಯರಿಂಗ್ ಮಾಡುವುದು, ಕೆಟ್ಟರೆ ಸರಿಪಡಿಸುವುದು. ಕಂಡವರ ಸಂಸಾರದ ತಿರುಗಾಟಕ್ಕೆಲ್ಲ ಬೆಳಕು ಹಾಕಿಕೊಟ್ಟ ಮಹಾರಾಯ ತನ್ನ ಹೆಂಡತಿ ದೇಯಿಯ ಮುಖ ನೋಡುತ್ತಿದ್ದದ್ದು ಎರಡು ವರ್ಷಕ್ಕೊಮ್ಮೆ. ಫೋನಿನಲ್ಲಿ ಮಾತ್ರ ಒಂದೇ ಮಾತು: "ಬಂದ ಮೇಲೆ ನಾವೂ ಹೋಗುವ, ಮಾರಾಯ್ತಿ." ದೇಯಿ ಆ ಮಾತನ್ನೇ ನಂಬಿಕೊಂಡು ದಿನ ತಳ್ಳಿದಳು.

ಬಂದವನು ಅಂಗಳದ ಹಲಸಿನ ಮರದಡಿ ತನ್ನ ಕೈಯಾರೆ ಒಂದು ಕ್ಯಾರವಾನ್ ಕಟ್ಟಿದ. ದೇಯಿ ಕಿಟಕಿಗೆ ಪರದೆ ಹೊಲಿದಳು. ಒಳಗೆ ದೇವರ ಪಟ ಇಡಿಸಿ, "ಈ ಬಲ್ಬಿಗೆ ಸ್ವಿಚ್ ಬೇಡ ಆಯ್ತಾ, ಯಾರಾದ್ರೂ ತಪ್ಪಿ ಆಫ್ ಮಾಡ್ತಾರೆ" ಎಂದಳು. ದೇವರ ದೀಪ ಆರಬಾರದಲ್ಲ. ಅವನೂ ಭಕ್ತಿಯಿಂದ ಬ್ಯಾಟರಿಯಿಂದಲೇ ನೇರ ತಂತಿ ಎಳೆದ, ಮೇನ್ ಸ್ವಿಚ್ಚಿಗೂ ಸಿಗದ ಹಾಗೆ.

ಹೊರಡುವ ದಿನ ಬ್ಯಾಟರಿ ಸತ್ತಿತ್ತು. ಚಾರ್ಜ್ ಮಾಡಿದ, ವಾರ ಕಳೆಯುವಷ್ಟರಲ್ಲಿ ಮತ್ತೆ ಖಾಲಿ. ಇನ್ವರ್ಟರ್ ಬಿಚ್ಚಿದ, ಫ್ಯೂಸುಗಳನ್ನು ಒಂದೊಂದಾಗಿ ತೆಗೆದು ನೋಡಿದ, ಕೊನೆಗೆ ಬ್ಯಾಟರಿಯನ್ನೇ ಹೊಸತು ತಂದ. ಮೇನ್ ಸ್ವಿಚ್ಚಿನಿಂದ ಆಚೆ ಎಲ್ಲಿ ಮೀಟರ್ ಹಿಡಿದರೂ ಎಲ್ಲ ಸರಿ. ತನ್ನ ವಯರಿಂಗಿನಲ್ಲೇ ತಪ್ಪಿರಬಹುದು ಎಂದು ಅವನಿಗೆ ಹೊಳೆಯಲೇ ಇಲ್ಲ. ಇನ್ನು ಉಳಿದವಳು ಹೆಂಡತಿ.

"ಸ್ವಿಚ್ ಆಫ್ ಮಾಡಿ ಗೊತ್ತುಂಟಾ ನಿನಗೆ? ಫ್ಯಾನ್ ಹಾಕಿ ಹಾಗೇ ಬರ್ತೀ. ತಲೆಯಲ್ಲಿ ಎಂತ ಉಂಟು?" ನೆರೆಮನೆಯ ಒಲಿವಿಯಾ ಬಾಯಿ ಗೇಟಿನಲ್ಲಿ ಮೀನು ಕೊಳ್ಳುತ್ತಿದ್ದಾಗಲೇ ಬೊಬ್ಬೆ ಹೊಡೆದ. ದೇಯಿ ಅಂದಿನಿಂದ ಕ್ಯಾರವಾನಿನ ಮೆಟ್ಟಿಲನ್ನೂ ತುಳಿಯಲಿಲ್ಲ. ಆದರೂ ಬ್ಯಾಟರಿ ಸಾಯುತ್ತಲೇ ಇತ್ತು. ಅಷ್ಟಾದರೂ ಗಮನಿಸಬೇಡವೇ, ಪುಣ್ಯಾತ್ಮ!

ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ಮೇನ್ ಆಫ್ ಮಾಡಿ, ಬ್ಯಾಟರಿಯ ಬುಡದಲ್ಲೇ ತಂತಿ ಕಳಚಿದ. ದೇವರ ಬಲ್ಬ್ ಆರಿತು. ಬ್ಯಾಟರಿಗೂ ತಂತಿಗೂ ನಡುವೆ ಮೀಟರ್ ಸೇರಿಸಿದ. ಬಲ್ಬ್ ಹೊತ್ತಿತು, ಮೀಟರಿನ ಮುಳ್ಳೂ ಎದ್ದಿತು. ಹಗಲಿರುಳು ಬ್ಯಾಟರಿಯನ್ನು ಹೀರುತ್ತಿದ್ದದ್ದು ಅದೇ ಬಲ್ಬು. ದಿನಾ ಅದಕ್ಕೇ ಕೈಮುಗಿದು ಇವನು ಕೆಲಸಕ್ಕೆ ಕೂರುತ್ತಿದ್ದ. ನಾಚಿಕೆಯಾಯಿತು, ಆದರೆ ಖುಷಿ ಅದಕ್ಕಿಂತ ಹೆಚ್ಚಿತ್ತು.

ಅಡುಗೆಮನೆಗೆ ಓಡಿದ. "ಸಿಕ್ಕಿತು ಮಾರಾಯ್ತಿ! ನಾಳೆಯೇ ಹೊರಡುವ."

ಕಾಯಿ ಹೆರೆಯುತ್ತಿದ್ದ ದೇಯಿ ತಲೆ ಎತ್ತಲಿಲ್ಲ. "ಎಂತ ಆಗಿತ್ತು?"

ತಪ್ಪಾಯಿತು ಎನ್ನಲೆಂದೇ ಬಾಯಿ ತೆರೆದಿದ್ದ. ಹಾಳು ನಾಲಿಗೆ ಬೇರೆಯೇ ಹೇಳಿತು: "ದೇವರ ಬಲ್ಬ್. ನೀನೇ ಹೇಳಿದ್ದಲ್ವಾ, ಸ್ವಿಚ್ ಬೇಡ ಅಂತ."

ದೇಯಿಯ ಕೈ ನಿಂತಿತು. ತಲೆ ಎತ್ತಿದಳು.

"ನೀವು ಹೋಗಿ ಬನ್ನಿ" ಎಂದಳು. "ನನಗೆ ಮನೆಯಲ್ಲಿ ಒಬ್ಬಳೇ ಇದ್ದು ಅಭ್ಯಾಸ ಉಂಟು."