ಕಂದು ಹವಳ

ಮನೆಮನೆಗೆ ಹೋಗಿ ಉಪ್ಪುನೀರಿನ ಅಕ್ವೇರಿಯಂ ತೊಳೆಯುವ ಆಕೆಯನ್ನು ಗಿರಾಕಿಗಳು ಹವಳದಮ್ಮ ಎನ್ನುತ್ತಿದ್ದರು. ಓದಿದ್ದು ಏಳನೇ ತರಗತಿ. ಹದಿನಾರು ವರ್ಷ ಆ ನೀರಿನಲ್ಲಿ ಕೈಯದ್ದಿ, ಯಾವ ಹವಳಕ್ಕೆ ಎಷ್ಟು ಬೆಳಕು ಬೇಕು, ಯಾವುದು ಪಕ್ಕದ್ದನ್ನು ಕುಟುಕಿ ಕೊಲ್ಲುತ್ತದೆ ಎಂದು ಕಂಡಕೂಡಲೇ ಹೇಳುತ್ತಿದ್ದಳು. ಕೊಳ್ಳುವ ಮುಂಚೆ ಅವಳನ್ನು ಅಂಗಡಿಗೆ ಕರೆದೊಯ್ಯುವವರೇ ಹೆಚ್ಚು.

ಕರೆಯದವನೆಂದರೆ ಅವಳ ಅಕ್ಕನ ಗಂಡ. ಔಷಧ ಕಂಪನಿಯ ಮ್ಯಾನೇಜರು. ನಡುಮನೆಯಲ್ಲಿ ಆರಡಿ ಉದ್ದದ ತೊಟ್ಟಿ. ಅದನ್ನು ತೊಳೆಯಲು ನಾದಿನಿ ಬೇಕು, ಹವಳ ಆರಿಸಲು ಬೇಡ.

ಒಂದು ಭಾನುವಾರ ನೆಂಟರು ಕೂತಿದ್ದಾಗ ಅವನು ಹೊಸ ಕಲ್ಲೊಂದನ್ನು ತಂದ. ಮೈತುಂಬ ಅಂಗಿಗುಂಡಿಗಳಂಥ ಹಸಿರು ಹವಳ. ಸಂದಿಯಲ್ಲಿ ದಪ್ಪ ತೊಟ್ಟಿನ ಕಂದು ಹವಳ ನಾಲ್ಕಾರು. ಅವಳು ಬಗ್ಗಿ ನೋಡಿ, ಆ ಕಂದಿನ ಜಾತಿಯೇ ಬೇರೆ, ಅದರಲ್ಲಿ ವಿಷವಿದೆ, ಗ್ಲೌಸಿಲ್ಲದೆ ಮುಟ್ಟಬೇಡಿ ಎಂದಳು.

"ಪಾಚಿ ತಿಕ್ಕೋರೆಲ್ಲ ಪ್ರೊಫೆಸರ್ ಆದ್ರೆ, ಓದಿದೋರು ಏನ್ ಮಾಡ್ಬೇಕು?" ಎಂದ ಭಾವ.

ನೆಂಟರು ನಕ್ಕರು. ಅಕ್ಕನೂ ನಕ್ಕಳು. ತಂಗಿಗೆ ಅಂದು ಊಟದ ತಟ್ಟೆ ಬಂದದ್ದು ಹಿತ್ತಲ ಬಾಗಿಲಿಗೆ.

ತಿಂಗಳೊಪ್ಪತ್ತಿನಲ್ಲಿ ಕಂದು ಹವಳ ಹಸಿರನ್ನೆಲ್ಲ ನುಂಗಿ ಪಕ್ಕದ ಕಲ್ಲಿಗೂ ಹಬ್ಬಿತು. ಭಾವ ಫೋನು ಮಾಡಿ, ಕಲ್ಲು ಕುದಿಸಿದರೆ ಅದು ಸಾಯುತ್ತದಂತೆ, ನಿಜವೇ ಎಂದು ಕೇಳಿದ. ಕುದಿಸಿದರೆ ವಿಷ ಹಬೆಯಾಗಿ ಏಳುತ್ತದೆಂದು ಅವಳಿಗೆ ಗೊತ್ತಿತ್ತು. ಗಿರಾಕಿಯೊಬ್ಬರ ನಾಯಿ ಹಾಗೇ ಸತ್ತಿತ್ತು.

"ಸಾಯತ್ತೆ ಭಾವ," ಎಂದಳು. "ನಿಮಗೆ ಗೊತ್ತಿಲ್ದೆ ಇರೋದೇನಿದೆ?"

ಭಾವ ನಾಯಿಯಷ್ಟು ಸಣ್ಣ ಪ್ರಾಣಿಯಲ್ಲವಲ್ಲ, ನಾಲ್ಕು ದಿನ ಕೆಮ್ಮಿ ಸೊಕ್ಕು ಇಳಿಯಲಿ ಎಂದುಕೊಂಡಳು.

ಆದರೆ ಭಾವ ಹುಟ್ಟಿದಂದಿನಿಂದ ಒಲೆ ಹಚ್ಚಿದವನಲ್ಲ. ಹೆಂಡತಿಗೆ ಹೇಳಿ ಆಫೀಸಿಗೆ ಹೋದ. ಕಿಟಕಿ ಮುಚ್ಚಿದ ಅಡುಗೆಮನೆಯಲ್ಲಿ, ನೊರೆ ಉಕ್ಕದಂತೆ ಸೌಟಾಡಿಸುತ್ತ, ಅಕ್ಕ ಮುಕ್ಕಾಲು ಗಂಟೆ ಪಾತ್ರೆಯ ಮುಂದೆ ನಿಂತಿದ್ದಳು.

ಆಸ್ಪತ್ರೆಯ ಮೊಗಸಾಲೆಯಲ್ಲಿ ಭಾವ ನಾದಿನಿಯನ್ನು ತಡೆದ. "ನಿನ್ನ ಕೇಳಿದ್ನಲ್ಲ?"

"ಹವಳ ಸಾಯತ್ತಾ ಅಂತ ಕೇಳಿದ್ರಿ. ಸಾಯತ್ತೆ ಅಂದೆ. ವಿಷ ಅಂತ ಎಲ್ಲರ ಎದುರೇ ಹೇಳಿದ್ದೆ."

ಅವನು ತಲೆ ತಗ್ಗಿಸಿದ. ಅವಳಿಗೆ ಒಳಗೊಳಗೇ ಹಿತವಾಯಿತು. ವಾರ್ಡಿಗೆ ಹೋಗಿ ಅಕ್ಕನ ಮುಖ ನೋಡುವವರೆಗೂ ಹಿತವಾಗಿಯೇ ಇತ್ತು.

ಅಕ್ಕ ಉಳಿದಳು, ಶ್ವಾಸಕೋಶ ಉಳಿಯಲಿಲ್ಲ. ಈಗ ಎರಡು ಮಾತಿಗೊಮ್ಮೆ ನಿಂತು ಉಸಿರು ಎಳೆದುಕೊಳ್ಳಬೇಕು. ಭಾವ ನಾದಿನಿಯನ್ನು ಕೇಳದೆ ಒಂದು ಹವಳವನ್ನೂ ತರುವುದಿಲ್ಲ. ಅವಳು ಗಾಜು ಒರೆಸುತ್ತಿರುವಾಗ ಅಕ್ಕ ಪಕ್ಕದ ಕುರ್ಚಿಯಲ್ಲಿ ಕೂತು, ತಂಗಿಯ ಮಾತು ಕೇಳದೆ ಕೆಟ್ಟೆ ಎಂದು ಬಂದವರಿಗೆಲ್ಲ ಹೇಳುತ್ತಾಳೆ. ತಂಗಿ ಅದನ್ನು ಒಮ್ಮೆಯೂ ತಿದ್ದಿಲ್ಲ.